‘ವಯೋಸಹಜವಾಗಿ ಬಿದ್ದು’ ಮುರಿದ ಕೈ

ನನ್ನ ಬಳಿ ವ್ಯಾಯಾಮ ಮಾಡುತ್ತಿದ್ದ ಎಪ್ಪತ್ತೊಂದು ವರ್ಷದ ಹಿರಿಯರೊಬ್ಬರ ಎಡಗೈಯನ್ನು ನನ್ನ ಕಣ್ಣೆದುರಿಗೆ ಸಲಿಕೆಯ ಮರದ ಕಾವಿನಿಂದ ಹೊಡೆದು ಮುರಿದರು. ಆ ಕೈ ಮುರಿದದ್ದು ‘ವಯೋಸಹಜವಾಗಿ ಬಿದ್ದು’ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಬರೆದರು. ಅಂಥ ವಯಸ್ಸಿನವರನ್ನು ಬೆಳಗಿನ ಜಾವ ಮನೆಯಿಂದ ಹೊರಡಿಸಿದ್ದೇ ತಪ್ಪು ಎಂದು ನನಗೆ ನೋಟಿಸು ಕೊಟ್ಟರು. ಮೊದಲನೆಯ ಅನ್ಯಾಯ ಮಾಡಿದವರು ದಿನಗೂಲಿಯ ಮೇಲೆ ಟ್ರ್ಯಾಕ್ಟರ್ ಓಡಿಸುವವರು. ಉಳಿದೆರಡನ್ನು ಮಾಡಿದವರು ನನ್ನ ಹಾಗೆಯೇ ಸರ್ಕಾರದ ಅನ್ನ ಉಂಡವರು. ಮೊದಲಿನವರ ಮೇಲಿನ ನನ್ನ ಸಿಟ್ಟು ಆರುತ್ತ ಬಂದಿದೆ. ಇನ್ನುಳಿದವರ ಮೇಲಿನದು ಆರಿಲ್ಲ. ಆರಬೇಕೆಂದು ನಾನು ಬಯಸಿಯೂ ಇಲ್ಲ.

ಅದು 2022ನೆಯ ಇಸವಿ. ಹೊಸಪೇಟೆಯಲ್ಲಿ ಸರ್ಕಾರಿ ಸೇವೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ನನಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಫಿಸಿಯೋಥೆರಪಿ ಎಂದರೆ ವ್ಯಾಯಾಮ, ಶಾಖ ಮತ್ತು ಕೈಚಳಕದಿಂದ ಕೀಲು ಸ್ನಾಯುಗಳ ಚಲನೆಯನ್ನು ಮರಳಿ ತರುವ ವಿದ್ಯೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಅದು ‘ಕಾಲು ಒತ್ತುವ ಕೆಲಸ’. ಹಾಗೆ ಅಂದವರು ಯಾರು, ಎಲ್ಲಿ ನಿಂತು ಅಂದರು ಎಂಬುದೆಲ್ಲ ನನಗೆ ನೆನಪಿದೆ, ಆದರೆ ಇಲ್ಲಿ ಹೆಸರು ಬರೆಯುವುದಿಲ್ಲ. ಇದು ನಡೆದ ಊರಿನ, ಆಸ್ಪತ್ರೆಯ, ಠಾಣೆಯ ಹೆಸರನ್ನೂ ಬರೆಯುವುದಿಲ್ಲ. ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿದೆ.

ಸಂಡೂರಿನ ಗಣಿಗಳಲ್ಲಿ ದುಡಿದು ಸೊಂಟ ಹಿಡಿದವರು, ಹಂಪಿಯಲ್ಲಿ ಪ್ರವಾಸಿಗರ ಹಿಂದೆ ಗುಡ್ಡ ಹತ್ತಿಳಿದು ಮಂಡಿ ಸವೆಸಿಕೊಂಡ ಗೈಡುಗಳು, ಕಂಪ್ಲಿ ಕಡೆಯ ಗದ್ದೆಗಳಲ್ಲಿ ಬಗ್ಗಿ ಬಗ್ಗಿ ನಾಟಿ ಹಾಕಿದ ಹೆಂಗಸರು ನನ್ನ ಕೋಣೆಗೆ ಬರುತ್ತಿದ್ದರು. ಇವರೆಲ್ಲ ದುಡಿದು ನೋವು ತಂದುಕೊಂಡವರು, ಇವರನ್ನು ರಿಪೇರಿ ಮಾಡಬಹುದಿತ್ತು. ನನಗೆ ನಿಜವಾಗಿ ಭಯ ಹುಟ್ಟಿಸುತ್ತಿದ್ದವರು ಕೂತು ಕೆಟ್ಟವರು. ನಮ್ಮ ಕಡೆ ಮನೆಗೆ ಸೊಸೆ ಬಂದ ಮೇಲೆ ಹಿರಿಯರು ಕಟ್ಟೆ ಸೇರುವುದು ಮರ್ಯಾದೆಯ ಲಕ್ಷಣ. ನೀರು ಕೈಗೆ ಬರುತ್ತದೆ, ರೊಟ್ಟಿ ಕೂತಲ್ಲಿಗೆ ಬರುತ್ತದೆ. ಹೀಗೆ ಒಂದೆರಡು ವರ್ಷ ಮರ್ಯಾದೆಯಿಂದ ಕೂತವರ ತೊಡೆಯ ಸ್ನಾಯು ಕರಗಿಹೋಗುತ್ತದೆ. ಆಮೇಲೊಂದು ದಿನ ಬಚ್ಚಲಲ್ಲಿ ಕಾಲು ಜಾರುತ್ತದೆ, ತೊಡೆಯ ಬುಡದ ಮೂಳೆ ಮುರಿಯುತ್ತದೆ, ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಹಾಸಿಗೆ ಹಿಡಿದವರಲ್ಲಿ ಮತ್ತೆ ಎದ್ದು ಓಡಾಡಿದವರನ್ನು ನಾನು ಕಂಡದ್ದು ಕಡಿಮೆ. ವಯಸ್ಸಾಗಿ ಬೀಳುತ್ತಾರೆ ಎಂದು ಜನ ಹೇಳುತ್ತಾರೆ. ಏಳುವುದನ್ನು ಬಿಟ್ಟದ್ದರಿಂದ ಬೀಳುತ್ತಾರೆ ಎಂದು ನಾನು ಹೇಳುತ್ತಿದ್ದೆ.

ಈ ಮಾತನ್ನು ಕೇಳಿಸಿಕೊಂಡು ಹನ್ನೆರಡು ಮಂದಿ ಹಿರಿಯರು ನಿಜಕ್ಕೂ ಕಟ್ಟೆ ಬಿಟ್ಟೆದ್ದದ್ದು ಹೊಸಪೇಟೆ ಮತ್ತು ಕಂಪ್ಲಿಯ ನಡುವಿನ ಒಂದು ಊರಿನಲ್ಲಿ. ಶನಿವಾರಗಳಂದು ಅಲ್ಲಿನ ಆಸ್ಪತ್ರೆಗೆ ನನ್ನ ಭೇಟಿ ಇರುತ್ತಿತ್ತು. ಓಪಿಡಿ ತೆರೆಯುವುದಕ್ಕೆ ಮೊದಲು, ಮೊದಲನೆಯ ಬಸ್ಸಿಗೆ ಹೋಗಿ, ಅವರ ಜೊತೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಉಳಿದ ದಿನ ಅವರೇ ನಡೆಯುತ್ತಿದ್ದರು. ನಡಿಗೆಯ ನಡುವೆ ದಾರಿಯ ಮೇಲೆಯೇ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂರುವುದು, ಕೈ ಊರದೆ ಏಳುವುದು, ಮತ್ತೆ ಕೂರುವುದು, ಹೀಗೆ ಹತ್ತು ಸಲ. ಊಟದಲ್ಲಿ ಉಪ್ಪು ಕಡಿಮೆ, ಸೊಪ್ಪು ಕಾಳು ಜಾಸ್ತಿ, ಬಾಯಲ್ಲಿ ತಂಬಾಕು ಬೇಡವೇ ಬೇಡ. ಗಂಡಸರು ತಂಬಾಕಿಗೆ ಅತ್ತರು. ಹನುಮಕ್ಕ ಎಂಬ ಅರವತ್ತೆಂಟರ ಹೆಣ್ಣುಮಗಳು ಮಂಡಕ್ಕಿ ಒಗ್ಗರಣೆಯ ಜೊತೆ ತಿನ್ನುವ ಮಿರ್ಚಿ ಬಜ್ಜಿಗಾಗಿ ನನ್ನ ಜೊತೆ ಜಗಳವಾಡಿದರು.

“ಮಿರ್ಚಿ ಬಿಡು ಅಂದ್ರ ಬಿಡತೀನ್ರಿ ಮೇಡಮ್ಮ. ಆದ್ರ ಒಗ್ಗರಣಿ ಒಂದ ಕುಂತ್ರ ತಾಟಿನ್ಯಾಗ ನನ್ನಂಗ ಗಂಡ ಇಲ್ಲದಂಗ ಕಾಣತೈತ್ರಿ.”

ಕೊನೆಗೆ ಸಂತೆಯ ದಿನ ಒಂದೇ ಒಂದು ಎಂದು ತೀರ್ಮಾನವಾಯಿತು. ಹನುಮಕ್ಕ ಆ ಒಂದಕ್ಕೆ ಅತಿ ದೊಡ್ಡದನ್ನು ಆರಿಸುತ್ತಿದ್ದರು.

ಗುಂಪಿನ ಮುಂದಾಳು ಹುಲುಗಪ್ಪ. ಪ್ರಾಯದಲ್ಲಿ ಕಂಪ್ಲಿಯ ಸುತ್ತಿನ ಕಣಗಳಲ್ಲಿ ಕುಸ್ತಿ ಆಡಿದವರು, ಆಮೇಲೆ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಊರು ಅವರನ್ನು ಈಗಲೂ ಪೈಲ್ವಾನ್ ಎಂದೇ ಕರೆಯುತ್ತಿತ್ತು. ಸಕ್ಕರೆ ಕಾಯಿಲೆ ಬಂದು, ಮಂಡಿ ಹಿಡಿದು, ಕೋಲು ಊರಿಕೊಂಡು ನನ್ನ ಬಳಿ ಬಂದವರು ಒಂದು ವರ್ಷದೊಳಗೆ ಕೋಲನ್ನು ದನ ಹೊಡೆಯಲು ಮಗನಿಗೆ ಕೊಟ್ಟಿದ್ದರು. ಕೂತೇಳುವ ವ್ಯಾಯಾಮವನ್ನು ಅವರು ಬಸ್ಕಿಯೆಂದೇ ಕರೆದು, ಅದಕ್ಕೆ ಗರಡಿಮನೆಯ ಒಂದು ಕಟ್ಟಳೆಯನ್ನೂ ತಂದರು. ಎಣಿಕೆ ಶುರುವಾದರೆ ಮುಗಿಯುವ ತನಕ ಯಾರೂ ಸಾಲು ಬಿಟ್ಟು ಏಳುವಂತಿಲ್ಲ. “ಅರ್ಧಕ್ಕ ಎದ್ದ ಹೋದ್ರ ಹನುಮಪ್ಪಗ ಬೆನ್ನ ತೋರಿಸಿದಂಗ,” ಎನ್ನುತ್ತಿದ್ದರು. ಫೋನು ಬಂದರೂ, ಮೊಮ್ಮಕ್ಕಳು ಬಂದು ಕರೆದರೂ ಹನ್ನೆರಡು ಮಂದಿ ಹತ್ತು ಮುಗಿಸಿಯೇ ಏಳುತ್ತಿದ್ದರು. ವ್ಯಾಯಾಮವನ್ನು ಅರ್ಧಕ್ಕೆ ಬಿಡುವ ಚಾಳಿಯೊಂದಿಗೆ ಮೂವತ್ತು ವರ್ಷ ಗುದ್ದಾಡಿದವಳು ನಾನು. ಈ ಕಟ್ಟಳೆ ನನಗೆ ಬಲು ಹಿಡಿಸಿತ್ತು, ಈಗಲೂ ಹಿಡಿಸುತ್ತದೆ.

ಹಿರಿಯರು ಆ ದಂಡೆಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಊರೊಳಗಿನ ಬೀದಿಯಲ್ಲಿ ಚರಂಡಿಯ ಕಲ್ಲುಗಳು ಎದ್ದಿದ್ದವು. ಮುಖ್ಯ ರಸ್ತೆಯಲ್ಲಿ ಲಾರಿಗಳು ತೋಳಿಗೆ ಗಾಳಿ ಬಡಿಯುವಷ್ಟು ಹತ್ತಿರ ಹೋಗುತ್ತಿದ್ದವು. ಕಾಲುವೆಯ ದಂಡೆಯೊಂದೇ ಗರಸು ಹಾಕಿ ಗಟ್ಟಿಸಿದ ಸಮ ನೆಲ. ಇದೇ ಗುಣವನ್ನು ಇನ್ನೊಬ್ಬರೂ ಕಂಡುಕೊಂಡಿದ್ದರು. ಹೊಳೆಯಿಂದ ಕದ್ದು ಮರಳು ಎತ್ತುವ ಕಂಟ್ರಾಕ್ಟರನೊಬ್ಬನ ಟ್ರ್ಯಾಕ್ಟರುಗಳು ಮುಖ್ಯ ರಸ್ತೆಯ ತಪಾಸಣೆ ತಪ್ಪಿಸಲು ಬೆಳಿಗ್ಗೆ ಇದೇ ದಾರಿ ಹಿಡಿಯುತ್ತಿದ್ದವು. ನಂಬರ್ ಪ್ಲೇಟು ಇಲ್ಲ. ಟ್ರೇಲರಿನಿಂದ ನೀರು ಸೋರಿ ಗರಸು ಕೆಸರಾಗುತ್ತಿತ್ತು. ಹಿರಿಯರು ಅಂಚಿಗೆ ಸರಿದು ನಿಂತು ದಾರಿ ಬಿಡುತ್ತಿದ್ದರು. ಒಮ್ಮೆ ಒಬ್ಬ ಡ್ರೈವರ್ ಕೂಗಿದ್ದನ್ನು ನಾನೇ ಕೇಳಿದ್ದೇನೆ.

“ಏ ಮುದುಕ್ರ್ಯಾ, ಸಾಯಾಕ ಮನ್ಯಾಗ ಜಾಗ ಇಲ್ಲೇನು?”

“ಐತಪಾ,” ಎಂದರು ಹನುಮಕ್ಕ. “ಆದ್ರ ಅಲ್ಲಿ ನಿಮ್ಮಪ್ಪ ಮೊದಲ ಚಾಪಿ ಹಾಸ್ಯಾನ.”

ದಾರಿ ಹಾಳಾಗುತ್ತಿದೆ ಎಂದು ಹಿರಿಯರು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟರು. ಕಚೇರಿಯಿಂದ ಉತ್ತರ ಬರಲಿಲ್ಲ, ಆದರೆ ಅರ್ಜಿಯ ಸುದ್ದಿ ಕಂಟ್ರಾಕ್ಟರನಿಗೆ ತಲುಪಿತು. ಅವನ ಕಡೆಯವರು ಅಂದಿನಿಂದ ಈ ಹನ್ನೆರಡು ಮಂದಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಇದು ತಿಳಿದಿದ್ದರೆ ಮಾತ್ರ ಮುಂದಿನದು ಅರ್ಥವಾಗುತ್ತದೆ.

ಮಾಗಿಯ ಚಳಿಯ ಒಂದು ಶನಿವಾರ. ನಾನು ಬಸ್ಸಿಳಿದು ದಂಡೆಗೆ ಬರುವ ಹೊತ್ತಿಗೆ ಬಸ್ಕಿ ಶುರುವಾಗಿತ್ತು. ಹನ್ನೆರಡೂ ಜನ ದಾರಿಗೆ ಅಡ್ಡಲಾಗಿ ಎರಡು ಸಾಲಿನಲ್ಲಿ ಕೂತಿದ್ದರು. ಹುಲುಗಪ್ಪ ಮುಂದೆ ಕೂತು ಎಣಿಸುತ್ತಿದ್ದರು. ಆರನೆಯದು ಮುಗಿದಾಗ ಹಿಂದಿನ ತಿರುವಿನಲ್ಲಿ ಟ್ರ್ಯಾಕ್ಟರ್ ಬಂದು ಹಾರನ್ ಹೊಡೆಯಿತು. ಹುಲುಗಪ್ಪ ಏಳಲಿಲ್ಲ. ಅಂಗೈ ಎತ್ತಿ ತಾಳು ಎಂದು ಸನ್ನೆ ಮಾಡಿದರು. ಇನ್ನು ನಾಲ್ಕು ಉಳಿದಿದ್ದವು, ಒಂದು ನಿಮಿಷದ ಮಾತು. ಗರಡಿಯ ಕಟ್ಟಳೆ ಗೊತ್ತಿಲ್ಲದವನಿಗೆ ಅಲ್ಲಿ ಕಂಡದ್ದು ಬೇರೆ: ದಾರಿಗೆ ಅಡ್ಡ ಕೂತ ಜನ, ಮೇಲೆತ್ತಿದ ಕೈ.

“ಧರಣಿ ಕುಂತಾರಲೇ,” ಎಂದು ಡ್ರೈವರ್ ಹಿಂದಿದ್ದವರಿಗೆ ಕೂಗಿದ. “ಅರ್ಜಿ ಕೊಟ್ಟಾವ್ರು ಇವ್ರ ನೋಡು.”

ಮೂವರು ಇಳಿದರು. ಇಬ್ಬರ ಕೈಯಲ್ಲಿ ಸಲಿಕೆಗಳಿದ್ದವು. ಧರಣಿಯಲ್ಲ, ವ್ಯಾಯಾಮ ಎಂದು ಕೂಗುತ್ತ ನಾನು ಓಡಿದೆ. ನನ್ನ ಮಾತು ಮುಗಿಯುವ ಮೊದಲೇ ಡ್ರೈವರನ ಮೊದಲ ಏಟು ಹಿಂದಿನ ಸಾಲಿನಲ್ಲಿದ್ದ ತಿಮ್ಮಪ್ಪ ಎಂಬ ಹಿರಿಯರ ಬೆನ್ನಿಗೆ ಬಿತ್ತು. ಏಳುವ ಅರ್ಧದಲ್ಲಿದ್ದ ಅವರು ಮೊಗ ಅಡಿಯಾಗಿ ಗರಸಿಗೆ ಬಿದ್ದರು, ತುಟಿ ಸೀಳಿತು. ಎರಡನೆಯವನು ಹನುಮಕ್ಕನ ತುರುಬಿಗೆ ಕೈ ಹಾಕಿ ದಂಡೆಯ ಅಂಚಿನ ತನಕ ದರದರ ಎಳೆದ. ಅವನು ಬಿಟ್ಟಾಗ ನೆರೆತ ಕೂದಲಿನ ಒಂದು ಹಿಡಿ ಅವನ ಮುಷ್ಟಿಯಲ್ಲೇ ಉಳಿದಿತ್ತು, ಅದನ್ನು ಅವನು ಪ್ಯಾಂಟಿಗೆ ಒರೆಸಿಕೊಂಡ. ಕಿರುಚಾಟದ ನಡುವೆ ಒಬ್ಬರು ಕಾಲುವೆಯ ಇಳಿಜಾರಿಗೆ ಉರುಳಿದರು. ಸೊಂಟದಷ್ಟು ನೀರಿನಲ್ಲಿ ಕಲ್ಲು ಹಿಡಿದು ನಿಂತು ಅವರು ಮಗನ ಹೆಸರು ಕೂಗುತ್ತಿದ್ದರು.

ಡ್ರೈವರ್ ತಿಮ್ಮಪ್ಪನವರ ಮೇಲೆ ಇನ್ನೊಮ್ಮೆ ಸಲಿಕೆ ಎತ್ತಿದಾಗ ಹುಲುಗಪ್ಪ ನಡುವೆ ಬಂದರು. ಸಲಿಕೆ ತಿರುಗಿತು, ಕಾವು ಅವರ ತಲೆಗೆ ಗುರಿಯಾಗಿ ಇಳಿಯಿತು. ಅವರು ಎಡಗೈ ಮಡಿಸಿ ಹಣೆಯ ಮೇಲೆ ಅಡ್ಡ ಹಿಡಿದರು. ಮೂಳೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ಹಸಿ ಜಾಲಿಯ ಕೊಂಬೆ ಮುರಿದಂಥ ಸದ್ದು ಅದು. ಆ ಕೈ ಕೆಳಗೆ ಜೋತಿತು. ಎರಡನೆಯ ಏಟು ತಲೆಯ ಮೇಲೆ ಜಾರಿ ಚರ್ಮ ಸೀಳಿತು, ರಕ್ತ ಕಣ್ಣಿಗಿಳಿಯಿತು. ಮೂರನೆಯದನ್ನು ಅವರು ಬಲಗೈಯಲ್ಲಿ ಹಿಡಿದುಬಿಟ್ಟರು. ಡ್ರೈವರ್ ಎರಡೂ ಕೈಯಿಂದ, ಇಡೀ ಮೈಭಾರ ಹಾಕಿ ಎಳೆದ. ಹುಲುಗಪ್ಪ ಬಿಟ್ಟುಕೊಟ್ಟರು. ಅವನ ಬಲದಿಂದಲೇ ಕಾವಿನ ತುದಿ ಅವನ ಬಾಯಿಗೆ ಬಡಿದು ಮುಂದಿನ ಎರಡು ಹಲ್ಲು ಮುರಿದವು. ಅವರು ಅವನಿಗೆ ಹೊಡೆಯಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಿದ್ದೇನೆ, ಇನ್ನು ಮುಂದೆಯೂ ಹೇಳುತ್ತೇನೆ.

ಆಮೇಲೆ ಯಾರೋ ನನ್ನನ್ನು ತಳ್ಳಿದರು. ನಾನು ಬಲ ಅಂಗೈ ಊರಿ ಬಿದ್ದೆ. ಕನ್ನಡಕ ಕಾಲುವೆಯ ಪಾಲಾಯಿತು. ಬಾಯಿಂದ ರಕ್ತ ಉಗುಳುತ್ತ ಡ್ರೈವರ್ ಟ್ರ್ಯಾಕ್ಟರ್ ಹತ್ತಿದ, ಗಾಡಿಯನ್ನು ಸಾಲಿನ ಮೇಲೆಯೇ ಬಿಟ್ಟ. ಬಿದ್ದಿದ್ದ ತಿಮ್ಮಪ್ಪನವರ ಅಂಗಿಯ ಕೊರಳಪಟ್ಟಿಯನ್ನು ಹುಲುಗಪ್ಪ ಒಂದೇ ಕೈಯಿಂದ ಹಿಡಿದು ಬದಿಗೆ ಎಳೆದರು. ಅವರು ಮಲಗಿದ್ದ ಜಾಗದ ಮೇಲೆ ದೊಡ್ಡ ಗಾಲಿ ಹಾದುಹೋಯಿತು.

ಗದ್ದಲ ನಿಂತ ಮೇಲೆ ಹುಲುಗಪ್ಪ ಗರಸಿನ ಮೇಲೆ ಕೂತು, ಜೋತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, “ಆರಕ್ಕ ನಿಂತಬಿಡ್ತು,” ಎಂದರು.

“ನಿನ್ನ ಎಣಿಕಿಗೆ ಬೆಂಕಿ ಹಚ್ಚ,” ಎಂದು ಹನುಮಕ್ಕ ಸೆರಗು ಹರಿದು ಅವರ ತಲೆಗೆ ಸುತ್ತಿದರು. “ಕೈ ನೋಡ್ಕೊ ಯಣ್ಣಾ, ಕೈ.”

ಆಸ್ಪತ್ರೆಗೆ ಗೂಡ್ಸ್ ಆಟೋದಲ್ಲಿ ಹೋದೆವು. ನಮಗಿಂತ ಮೊದಲೇ ಕಂಟ್ರಾಕ್ಟರನ ಮೇಸ್ತ್ರಿ ಬಾಗಿಲಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ಭಾರಿ ಮರುಕ ತೋರಿಸಿದ. “ಎಕ್ಸ್‌ರೇ ಯಾಕ್ರಿ ಪೈಲ್ವಾನ್ರ? ಗಾಡಿ ಐತಿ, ಜಲ್ದಿ ಹೋಗಿ ಪುತ್ತೂರು ಕಟ್ಟು ಹಾಕಿಸ್ಕೊಂಡ ಬಂದಬಿಡೂಣು.” ಪುತ್ತೂರು ಕಟ್ಟು ಎಂದರೆ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿ ಮೂಳೆ ಕೂಡಿಸುವ ನಾಟಿ ಪದ್ಧತಿ. ನಮ್ಮ ಸೀಮೆಯಲ್ಲಿ, ಅದರಲ್ಲೂ ಕುಸ್ತಿ ಆಡಿದವರಲ್ಲಿ, ಅದರ ಮೇಲೆ ನಂಬಿಕೆ ದೊಡ್ಡದು. ಹುಲುಗಪ್ಪ ಜೀಪಿನತ್ತ ಎರಡು ಹೆಜ್ಜೆ ಇಟ್ಟದ್ದೂ ಆಯಿತು. ಕಟ್ಟಿನೊಳಗೆ ಹೋದ ಕೈ ವಾರಗಟ್ಟಲೆ ಹೊರಗೆ ಬರುವುದಿಲ್ಲ, ಅಷ್ಟರಲ್ಲಿ ಮುರಿತದ ಅಂಚುಗಳು ಮಸುಕಾಗುತ್ತವೆ ಎಂಬುದು ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ, ಅವನನ್ನು ಕಳಿಸಿದವರಿಗೆ ಗೊತ್ತಿತ್ತು. “ಕಟ್ಟು ನಾಳೆ ಬೇಕಾದರೆ ಹಾಕಿಸಿಕೊಳ್ಳಿ ಹುಲುಗಪ್ಪನವರೇ, ಫಿಲ್ಮು ಇವತ್ತೇ ತೆಗೆಸಬೇಕು,” ಎಂದು ನಾನು ಅವರ ಬಲಗೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಎರಡು ಫಿಲ್ಮುಗಳನ್ನು ತೆಗೆದರು. ಒಂದು ಅವರ ಕೈಯದು, ಇನ್ನೊಂದು ಊದಿಕೊಳ್ಳುತ್ತಿದ್ದ ನನ್ನ ಬಲಗೈಯದು. ಇಲ್ಲಿ ಸ್ವಲ್ಪ ಪಾಠ ಹೇಳಬೇಕಾಗುತ್ತದೆ. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಬೀಳುವವರು ಅಂಗೈ ಊರುತ್ತಾರೆ. ಆಗ ಭಾರವೆಲ್ಲ ಹೆಬ್ಬೆರಳಿನ ಕಡೆಯಿಂದ ಏರುವುದರಿಂದ ಸಾಮಾನ್ಯವಾಗಿ ರೇಡಿಯಸ್ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಏಟು ತಡೆಯುವವರು ಮುಂಗೈ ಮಡಿಸಿ ಮೇಲೆತ್ತುತ್ತಾರೆ. ಆಗ ಹೊರಗಡೆ ಸಿಕ್ಕುವುದು ಅಲ್ನಾ. ಅದೊಂದೇ ಮೂಳೆ ನಟ್ಟನಡುವೆ ಮುರಿಯುತ್ತದೆ, ಪಕ್ಕದ ರೇಡಿಯಸ್ ಮೇಲೆ ಗೆರೆಯೂ ಇರುವುದಿಲ್ಲ. ಇದಕ್ಕೆ ವೈದ್ಯಗ್ರಂಥಗಳಲ್ಲಿ ಪೊಲೀಸರ ದೊಣ್ಣೆಯಿಂದಲೇ ಹೆಸರು ಬಂದಿದೆ: ನೈಟ್‌ಸ್ಟಿಕ್ ಫ್ರ್ಯಾಕ್ಚರ್. ಹುಲುಗಪ್ಪನವರ ಅಲ್ನಾ ನಟ್ಟನಡುವೆ ಮುರಿದಿತ್ತು, ರೇಡಿಯಸ್ ಇಡಿಯಾಗಿತ್ತು. ನನ್ನ ರೇಡಿಯಸ್ ಮಣಿಕಟ್ಟಿನಲ್ಲಿ ಬಿರುಕು ಬಿಟ್ಟಿತ್ತು. ಬಿದ್ದ ಕೈ ಹೇಗಿರುತ್ತದೆ, ಏಟು ತಿಂದ ಕೈ ಹೇಗಿರುತ್ತದೆ ಎಂದು ಒಂದೇ ಬೆಳಗಿನ ಎರಡು ಚಿತ್ರಗಳು ಪಕ್ಕಪಕ್ಕದಲ್ಲಿ ತೂಗುತ್ತಿದ್ದವು.

ಆ ಆಸ್ಪತ್ರೆಯ ದೊಡ್ಡ ಡಾಕ್ಟರು ಎರಡನ್ನೂ ನೋಡಿದರು. ಅವರಿಗೆ ಗೊತ್ತಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರು ನನಗಿಂತ ಹೆಚ್ಚು ಓದಿದವರು, ಒಂದೇ ನೋಟಕ್ಕೆ ಗೊತ್ತಾಗಿತ್ತು. ಆದರೂ ಬರೆದದ್ದು ‘ವಯೋಸಹಜವಾಗಿ ಬಿದ್ದು’ ಎಂದು. ಹಲ್ಲೆಯೆಂದು ಬರೆದಿದ್ದರೆ ಅದು ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣ ಆಗುತ್ತಿತ್ತು. ಹೇಗೆ ಪೆಟ್ಟಾಯಿತೆಂದು ಹುಲುಗಪ್ಪನವರನ್ನು ಅವರು ಒಂದು ಸಲವೂ ಕೇಳಲಿಲ್ಲ.

“ಸರ್, ಇದು ಬಿದ್ದ ಕೈಯಲ್ಲ. ಬಿದ್ದ ಕೈ ನನ್ನದು, ಪಕ್ಕದಲ್ಲೇ ಇದೆ,” ಎಂದೆ.

“ಮೇಡಂ, ನೀವು ಶಾಖ ಕೊಡೋರು, ಶಾಖ ಕೊಡಿ. ಫಿಲ್ಮ್ ಓದೋಕೆ ನಾವಿದ್ದೀವಿ.”

ಅಲ್ಲಿ ನರ್ಸ್ ಇದ್ದರು, ಮೇಸ್ತ್ರಿ ಇದ್ದ, ನನ್ನ ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಇದ್ದರು. ಹನು­ಮಕ್ಕ ಸೆರಗು ಸರಿಸಿ, ರಕ್ತ ಜಿನುಗುತ್ತಿದ್ದ ಬೋಳು ನೆತ್ತಿಯನ್ನು ಡಾಕ್ಟರ ಮುಂದೆ ಬಗ್ಗಿಸಿದರು.

“ನನ್ನ ಕೂದಲಾನೂ ವಯಸ್ಸಿಗೆ ಉದುರ್‍ಯಾವ ಅಂತ ಬರ್ಕೋರಿ ಸಾಹೇಬ್ರ.”

ಅದೇ ದಿನ ನಾನು ಹುಲುಗಪ್ಪನವರನ್ನು ಕರೆದುಕೊಂಡು ಎರಡೂ ಫಿಲ್ಮುಗಳನ್ನು ಹೊಸಪೇಟೆಗೆ ಒಯ್ದು ಹಿರಿಯ ಮೂಳೆತಜ್ಞರೊಬ್ಬರಿಗೆ ತೋರಿಸಿದೆ. ಹುಲುಗಪ್ಪನವರನ್ನು ಪರೀಕ್ಷಿಸಿ ಅವರು ನೇರ ಏಟಿನಿಂದಾದ ಮುರಿತವೆಂದು ಅಭಿಪ್ರಾಯ ಬರೆದುಕೊಟ್ಟರು. ಆ ಕಾಗದ ಹಿಡಿದು ಠಾಣೆಗೆ ಹೋದರೆ ಇನ್ಸ್‌ಪೆಕ್ಟರ್ ಮುಂದೆ ಆಗಲೇ ಇನ್ನೊಂದು ದೂರು ಇತ್ತು. ಪೈಲ್ವಾನ್ ಹುಲುಗಪ್ಪ ಎಂಬಾತ ಗುಂಪು ಕಟ್ಟಿಕೊಂಡು ದಾರಿ ತಡೆದು, ಡ್ರೈವರನ ಎರಡು ಹಲ್ಲು ಮುರಿದಿದ್ದಾನೆ ಎಂದು. ಕಾನೂನಿನಲ್ಲಿ ಹಲ್ಲು ಮುರಿಯುವುದೂ ಮೂಳೆ ಮುರಿಯುವುದೂ ಒಂದೇ ತೂಕದ ತೀವ್ರ ಗಾಯ.

ಇನ್ಸ್‌ಪೆಕ್ಟರ್ ನಮ್ಮ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಇವರಿಗೆ ಪೊರೆ, ಕಣ್ಣು ಕಾಣಂಗಿಲ್ಲ. ಅವರಿಗೆ ಕಿವಿ ಕೇಳಂಗಿಲ್ಲ. ಮೇಡಂ, ನಿಮ್ಮ ಕನ್ನಡಕ ನೀರಾಗ ಬಿದ್ದಿತ್ತಂತ.” ಕನ್ನಡಕ ಬಿದ್ದದ್ದು ಏಟು ಬಿದ್ದ ಮೇಲೆ ಎಂದು ನಾನು ಹೇಳಿದೆ. ಅದನ್ನು ಬರೆದುಕೊಳ್ಳಲಿಲ್ಲ. ಆಮೇಲೆ ಅವರು ಹುಲುಗಪ್ಪನವರ ಕಡೆ ತಿರುಗಿ ಬಲು ಅಕ್ಕರೆಯಿಂದ ಕೇಳಿದರು.

“ಏನಜ್ಜಾರ, ಈ ವಯಸ್ಸಿನ್ಯಾಗೂ ಬಸ್ಕಿ ಹೊಡೀತೀರಂತ? ಖರೇ ಏನು?”

ವ್ಯಾಯಾಮದ ಬಗ್ಗೆ ಯಾರಾದರೂ ಅಕ್ಕರೆಯಿಂದ ಕೇಳಿದರೆ ಗರಡಿಯ ಮನುಷ್ಯನಿಗೆ ಬೇರೆಲ್ಲ ಮರೆತುಹೋಗುತ್ತದೆ. ನಾನು ಬೇಡವೆಂದು ಕಣ್ಣು ಸನ್ನೆ ಮಾಡುವಷ್ಟರಲ್ಲಿ ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಠಾಣೆಯ ನೆಲದ ಮೇಲೆ ಕೂತು, ಕೈ ಊರದೆ, ನೇರವಾಗಿ ಎದ್ದು ನಿಂತು ತೋರಿಸಿದರು. ಮುಖದಲ್ಲಿ ನಗುವೂ ಇತ್ತು.

ಇನ್ಸ್‌ಪೆಕ್ಟರ್ ಪೇದೆಯ ಕಡೆ ನೋಡಿದರು. “ನೋಡ್ಕೊಂಡ್ಯಾ? ಇಂಥಾ ಮನಿಷಾ ಎರಡು ಹಲ್ಲು ಮುರದಿಲ್ಲ ಅಂದ್ರ ಯಾರು ನಂಬ್ತಾರ?”

ಹೀಗೆ ಒಂದೇ ವಾರದಲ್ಲಿ ಒಬ್ಬನೇ ಮನುಷ್ಯನ ಬಗ್ಗೆ ಸರ್ಕಾರದ ಎರಡು ದಾಖಲೆಗಳು ಹುಟ್ಟಿದವು. ಆಸ್ಪತ್ರೆಯ ಪ್ರಕಾರ ಆತ ನಿಂತಲ್ಲೇ ಬೀಳುವಷ್ಟು ದುರ್ಬಲ. ಠಾಣೆಯ ಪ್ರಕಾರ ಆತ ಅರ್ಧ ವಯಸ್ಸಿನ ಡ್ರೈವರನನ್ನು ಹೊಡೆದು ಕೆಡವುವಷ್ಟು ಬಲಶಾಲಿ. ಎರಡೂ ಕಾಗದಗಳು ಒಂದೇ ಕಡತದಲ್ಲಿ, ಒಂದೇ ದಾರದಲ್ಲಿ ಪೋಣಿಸಿಕೊಂಡು ಕೂತಿವೆ. ಒಂದನ್ನು ಬರೆದವರು ಇನ್ನೊಂದನ್ನು ಓದಿ ಇದುವರೆಗೆ ನಾಚಿಕೊಂಡದ್ದು ನನಗೆ ತಿಳಿದಿಲ್ಲ.

ಹದಿನೈದು ದಿನದ ಮೇಲೆ ರಾಜಿಯ ಮಾತು ಬಂತು. ತಂದವನು ಹುಲುಗಪ್ಪನವರ ಸ್ವಂತ ಮಗ ಯಂಕಪ್ಪ. ಅವನು ಅದೇ ಕಂಟ್ರಾಕ್ಟರನ ಬಳಿ ಮರಳು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ತಂದೆ ತಾನಾಗಿ ಬಿದ್ದೆನೆಂದು ಹೇಳಿಕೆ ಕೊಟ್ಟರೆ ಡ್ರೈವರನೂ ದೂರು ವಾಪಸು ಪಡೆಯುತ್ತಾನೆ, ಇಲ್ಲವಾದರೆ ಯಂಕಪ್ಪ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ. ನಾನು ಆ ದಿನ ಬೆರಳುಗಳ ಚಲನೆ ನೋಡಲು ಅವರ ಮನೆಗೆ ಹೋಗಿದ್ದೆ. ನನ್ನ ಬಲಗೈಯೂ ಪ್ಲಾಸ್ಟರಿನಲ್ಲಿತ್ತು. ಬಾಗಿಲ ಹೊರಗೆ ಮೇಸ್ತ್ರಿಯ ಜೀಪು ನಿಂತಿತ್ತು.

“ಒಂದ ಮಾತು ಯಪ್ಪಾ,” ಎಂದ ಯಂಕಪ್ಪ. “ಕಾಲ ಜಾರಿತು ಅನ್ನು. ನಿನ್ನ ನಾಲಿಗಿ ಸವಿಯತೈತೇನು?”

ಹುಲುಗಪ್ಪ ಮಗನಿಗೆ ಹೇಳಿದರು.

“ನಾ ಬಿದ್ದೆ ಅಂದ್ರ ನಾಳೆ ಮುದುಕರು ಬೀಳ್ತಾರ ಅಂತ ಹೇಳಿ ದಾರಿಗೆ ಬೇಲಿ ಹಾಕ್ತಾರಲೇ. ಅವರಿಗೆ ಬೇಕಾಗಿದ್ದ ಅದು. ನನ್ನ ಕೈ ಹಾಳಾಗ್ಲಿ. ಈ ಮಂದಿ ಎಲ್ಲಾ ಮತ್ತ ಕಟ್ಟಿಗೆ ಹೋಗಿ ಕುಂದ್ರತಾರ. ಕುಂತವರು ಏಳಂಗಿಲ್ಲ. ನೀ ಕೆಲಸ ಬ್ಯಾರೆ ಕಡೆ ನೋಡ್ಕೊ.”

ಯಂಕಪ್ಪ ಗೋಡೆಗೆ ಮುಷ್ಟಿಯಿಂದ ಗುದ್ದಿ ಹೊರಗೆ ಹೋದ. ಜೀಪು ಹೊರಟುಹೋಯಿತು. ಆ ರಾತ್ರಿ ಯಾರೋ ಹುಲುಗಪ್ಪನವರ ಎಮ್ಮೆಯ ಮೇವಿನ ಬಣವೆಗೆ ಬೆಂಕಿ ಇಟ್ಟರು. ಯಾರೆಂದು ಪತ್ತೆಯಾಗಿಲ್ಲ, ಪತ್ತೆ ಮಾಡುವವರು ಹುಡುಕಿಯೂ ಇಲ್ಲ. ಯಂಕಪ್ಪ ಈಗ ತೋರಣಗಲ್ಲಿನಲ್ಲಿ ಕಾಂಟ್ರ್ಯಾಕ್ಟ್ ಕೂಲಿ. ತಂದೆಯ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದ.

ಹುಲುಗಪ್ಪ ಹೆದರಿದ್ದೇ ಆಯಿತು. ಅವರು ಬಿದ್ದೆನೆಂದು ಹೇಳದಿದ್ದರೂ ಅವರು ಬಿದ್ದರೆಂದು ಬರೆದ ಕಾಗದವೊಂದು ಇತ್ತಲ್ಲ, ಅದನ್ನೇ ಆಧಾರ ಮಾಡಿಕೊಂಡು ಹಿರಿಯ ನಾಗರಿಕರ ಸುರಕ್ಷತೆಗಾಗಿ ದಂಡೆಯ ಮೇಲೆ ನಡಿಗೆಯನ್ನು ನಿಷೇಧಿಸಿದ ಬೋರ್ಡು ಎದ್ದಿತು. ಬೋರ್ಡಿನ ಪಕ್ಕದಲ್ಲಿ ಕಬ್ಬಿಣದ ಗೇಟು. ನಡೆಯುವವರಿಗೆ ಅದು ಮುಚ್ಚಿರುತ್ತದೆ. ಟ್ರ್ಯಾಕ್ಟರ್ ಬಂದಾಗ ತೆರೆಯುತ್ತದೆ. ಬೀಗದ ಕೈ ಯಾರ ಹತ್ತಿರವಿದೆ ಎಂದು ನಾನು ಲಿಖಿತವಾಗಿ ಕೇಳಿದ್ದೇನೆ, ಇನ್ನೂ ಉತ್ತರವಿಲ್ಲ. ಹಿರಿಯರಿಗೆ ಅಪಾಯಕಾರಿ ಸ್ಥಳದಲ್ಲಿ ವ್ಯಾಯಾಮ ಮಾಡಿಸಿದ್ದಕ್ಕೆ ವಿವರಣೆ ಕೇಳಿ ನನಗೆ ನೋಟಿಸು ಬಂದದ್ದು ಅದೇ ತಿಂಗಳು. ಎಡಗೈಯಲ್ಲಿ ನಾಲ್ಕು ಪುಟ ಉತ್ತರ ಬರೆದೆ. ಅದನ್ನು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ನೋಟಿಸು ನನ್ನ ಮೇಲೆ ಹಾಗೆಯೇ ಇರುವಾಗಲೇ ನಿವೃತ್ತಳಾದೆ. ಬೀಳ್ಕೊಡುಗೆಯ ಸಭೆಯಲ್ಲಿ ಅದೇ ದೊಡ್ಡ ಡಾಕ್ಟರು ನನಗೆ ಶಾಲು ಹೊದಿಸಿ, “ಇನ್ನು ಮೇಡಂ ಮನೇಲಿ ಆರಾಮಾಗಿ ಕೂತ್ಕೋಬಹುದು,” ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಶಾಲಿನ ಮಡಿಕೆಯನ್ನು ನಾನು ಇದುವರೆಗೆ ಬಿಚ್ಚಿಲ್ಲ.

ಹನ್ನೆರಡು ಮಂದಿ ಕೆಲವು ದಿನ ಮುಖ್ಯ ರಸ್ತೆಯಲ್ಲಿ ನಡೆದು ನೋಡಿದರು. ಲಾರಿಯ ಗಾಳಿಗೆ ತಿಮ್ಮಪ್ಪ ಎರಡು ಸಲ ಮುಗ್ಗರಿಸಿದ ಮೇಲೆ ಅದನ್ನೂ ಬಿಟ್ಟರು. ಒಬ್ಬೊಬ್ಬರೇ ಕಟ್ಟೆ ಸೇರಿದರು. ತಂಬಾಕು ಮರಳಿ ಬಂತು. ತಿಮ್ಮಪ್ಪನವರಿಗೆ ಸಕ್ಕರೆ ಏರಿ ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಹುಲುಗಪ್ಪನವರ ಮೂಳೆ ಕೂಡಿತು, ಆದರೆ ಮುಂಗೈ ಪೂರ್ತಿ ತಿರುಗುವುದಿಲ್ಲ. ತುಂಬಿದ ಕೊಡ ಎತ್ತಲಾರರು. ನ್ಯಾಯಾಲಯದ ವಾಯಿದೆಗೆ ಮಾತ್ರ ತಪ್ಪದೆ ಹೋಗುತ್ತಾರೆ, ಅಲ್ಲಿ ಅವರು ದೂರುದಾರರೂ ಹೌದು, ಆರೋಪಿಯೂ ಹೌದು.

ಹನುಮಕ್ಕ ಕಳೆದ ವರ್ಷ ಬಚ್ಚಲಲ್ಲಿ ಬಿದ್ದರು. ಈ ಸಲ ಯಾರೂ ಹೊಡೆಯಲಿಲ್ಲ, ನಿಜವಾಗಿಯೇ ಬಿದ್ದರು. ತೊಡೆಯ ಬುಡದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, “ಈಗ ಬರಕೋ ಅಂತ ಹೇಳ್ರಿ ಮೇಡಮ್ಮ ಆ ಡಾಕ್ಟರ್ಗೆ, ಮುದಿಕಿ ವಯಸ್ಸಿಗೆ ಬಿದ್ದಾಳ ಅಂತ. ಈಗ ಖರೇ ಆತು,” ಎಂದರು. ನಾನು ಅವರ ಕಾಲನ್ನು ಎತ್ತಿ ಮಡಿಸಲು ಪ್ರಯತ್ನಿಸಿದೆ. ಒಂದು ಗೇಣು ಎತ್ತುವಷ್ಟರಲ್ಲಿ ಅವರು ಸೆರಗನ್ನು ಬಾಯಿಗೆ ತುರುಕಿಕೊಂಡರು.

ಮೂವತ್ತೈದು ವರ್ಷ ನಾನು ಹಿರಿಯರಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಡೆಯಬೇಕು, ನೆಲಕ್ಕೆ ಕೂತು ಏಳಬೇಕು, ನಾಲಿಗೆ ಹಿಡಿತದಲ್ಲಿರಬೇಕು, ನಾಲ್ಕು ಜನರ ಜೊತೆ ನಗಬೇಕು. ಆದರೆ ಮುಪ್ಪಿನ ಆರೋಗ್ಯವನ್ನು ಮುದುಕರ ಶಿಸ್ತಿನ ಮೇಲೆ ಮಾತ್ರ ಹೊರಿಸುವ ಉಪದೇಶ ಪೊಳ್ಳು ಎಂದು ಈ ಪ್ರಕರಣ ನನಗೆ ಕಲಿಸಿತು. ಶಿಸ್ತು ಆ ಹನ್ನೆರಡು ಮಂದಿಯಲ್ಲಿ ಬೇಕಾದಷ್ಟಿತ್ತು, ಅವರಿಗೆ ಇಲ್ಲದೆ ಹೋದದ್ದು ನೆಲ. ಯಾರ ದೊಣ್ಣೆಯೂ ತಾಗದಂಥ ಒಂದು ಮೈಲಿ ಸಮನಾದ ದಾರಿಯನ್ನು ಕೊಡದೆ, ದಿನಾ ನಡೆಯಿರಿ ಎಂದು ಗೋಡೆಗೆ ಚಿತ್ರ ಅಂಟಿಸುವುದು ಚಿಕಿತ್ಸೆಯಲ್ಲ.

ಡಾಕ್ಟರೇ, ನೀವೂ ಬರುವ ವರ್ಷ ನಿವೃತ್ತರಾಗುತ್ತೀರಿ. ನಿಮಗೆ ರಕ್ತದೊತ್ತಡ ಇರುವುದು ನನಗೆ ಗೊತ್ತು. ನಿಮಗಿಂತ ಕಿರಿಯರಾದ ವೈದ್ಯರೊಬ್ಬರು ಚೀಟಿಯ ಕೊನೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ ಎಂದು ಬರೆದೇ ಬರೆಯುತ್ತಾರೆ. ಎಲ್ಲಿ ನಡೆಯುತ್ತೀರಿ?